ಬೆಲ್ ಇಲ್ಲದ ಸೈಕಲ್ಲು, ಚೆಲ್ಲಿದ ಟೊಮೆಟೊ

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದ ಇದೆ, ತಿರುಳಷ್ಟನ್ನು ಇಲ್ಲಿ ಕೊಡುತ್ತೇನೆ.

"ಹೋದ ವಾರ ಸಂಪಿಗೆ ರಸ್ತೆ ದಾಟುತ್ತಿದ್ದೆ. ಒನ್‌ವೇ ಅಲ್ವಾ ಅಂತ ಗಾಡಿ ಬರುವ ಕಡೆ ಮಾತ್ರ ನೋಡಿ ಕಾಲಿಟ್ಟೆ. ಉಲ್ಟಾ ದಿಕ್ಕಿನಿಂದ ಸೈಕಲ್ಲಿನ ಹುಡುಗ ಬಂದು ಗುದ್ದಿದ. ಚೀಲದ ಟೊಮೆಟೊ ರಸ್ತೆ ತುಂಬಾ ಉರುಳಿತು, ಮಂಡಿ ತರಚಿತು. ಅವನ ಸೈಕಲ್ಲಿಗೆ ಬೆಲ್ಲೂ ಇರಲಿಲ್ಲ. ನೀವು ನೋಡಿದರೆ ತಿಂಗಳು ತಿಂಗಳು ಸೈಕಲ್ ಅಂಕಣ ಹಾಕುತ್ತೀರಿ. ಅವರಿಗೆ ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ರೋಡ್ ಟ್ಯಾಕ್ಸ್ ಇಲ್ಲ. ರಸ್ತೆ ಎಲ್ಲರದ್ದು ಅಂದಮೇಲೆ ನಡೆಯುವವರು, ಸೈಕಲ್ಲಿನವರು, ಗಾಡಿಯವರು ಮೂವರಿಗೂ ಜವಾಬ್ದಾರಿ ಸಮ ಇರಬೇಕಲ್ಲವೇ? ಇಲ್ಲದಿದ್ದರೆ ಆ ಅಂಕಣ ನಿಲ್ಲಿಸಿ."

ಮೊದಲು, ಮಂಡಿ ವಾಸಿಯಾಗಿದೆ ಅಂದುಕೊಳ್ಳುತ್ತೇನೆ. ಆ ಹುಡುಗನದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಒನ್‌ವೇಯಲ್ಲಿ ದಾಟುವವರು ಒಂದೇ ಕಡೆ ನೋಡುತ್ತಾರೆ, ಆ ನಂಬಿಕೆಯ ಮೇಲೆಯೇ ಒನ್‌ವೇ ನಡೆಯುವುದು. ಸೈಕಲ್ಲು ಸದ್ದಿಲ್ಲದೆ ಬೆನ್ನ ಹಿಂದಿನಿಂದ ಬಂದರೆ ಯಾರಿಗೆ ತಾನೇ ಗೊತ್ತಾಗುತ್ತದೆ?

ನಾನೂ ಹಾಗೆ ಉಲ್ಟಾ ಹೋಗಿದ್ದೇನೆ, ಸುಳ್ಳು ಹೇಳಲ್ಲ. ಹತ್ತು ಹೆಜ್ಜೆ ಆಚೆ ಇರುವ ಅಂಗಡಿಗೆ ಮಾರ್ಗೋಸಾ ರಸ್ತೆಯವರೆಗೂ ಸುತ್ತಿಕೊಂಡು ಬಾ ಅಂದರೆ, ಕಾರಿನವರಿಗೆ ಸ್ವಲ್ಪ ಪೆಟ್ರೋಲು, ಸೈಕಲ್ಲಿನವರಿಗೆ ಮೈಬೆವರು. ಹಾಗಂತ ನಿಮ್ಮ ಮಂಡಿಯ ಲೆಕ್ಕದಲ್ಲಿ ನಮ್ಮ ಬೆವರು ಉಳಿಸಿಕೊಳ್ಳುವ ಹಾಗಿಲ್ಲ. ಅಷ್ಟು ಅವಸರ ಇದ್ದರೆ ಇಳಿದು ತಳ್ಳಿಕೊಂಡು ಹೋಗಬೇಕು. ಇಳಿದ ತಕ್ಷಣ ನಾವೂ ನಡೆಯುವವರೇ.

ಆದರೆ ಆ "ಸಮ" ಅನ್ನುವ ಮಾತನ್ನು ನಾನು ಒಪ್ಪಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ನಾನು ಮತ್ತು ನನ್ನ ಸೈಕಲ್ಲು ಸೇರಿ 85 ಕಿಲೋ, ವೇಗ ಗಂಟೆಗೆ 15 ಕಿಲೋಮೀಟರ್. ಒಂದು ಸಾಧಾರಣ ಕಾರು, ಒಳಗೆ ಕೂತವರೂ ಸೇರಿ 1,100 ಕಿಲೋ ಅನ್ನಿ, ವೇಗ 45. ತೂಕ ಹದಿಮೂರು ಪಟ್ಟು. ವೇಗ ಮೂರು ಪಟ್ಟಾದರೆ ಹೊಡೆತದ ಶಕ್ತಿ ಒಂಬತ್ತು ಪಟ್ಟಾಗುತ್ತದೆ, ಹೈಸ್ಕೂಲಿನ ಭೌತಶಾಸ್ತ್ರ. ಎರಡನ್ನೂ ಗುಣಿಸಿ, ನೂರು ಪಟ್ಟಿಗೂ ಜಾಸ್ತಿ. ಆ ಹುಡುಗ ಗುದ್ದಿದಾಗ ಟೊಮೆಟೊ ಚೆಲ್ಲಿತು. ಅದೇ ಜಾಗದಲ್ಲಿ ಕಾರು ಗುದ್ದಿದ್ದರೆ ಈ ಪತ್ರ ಬರೆಯಲು ನೀವು ಇರುತ್ತಿದ್ದಿರೋ ಇಲ್ಲವೋ. ಖಾರವಾಗಿ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಯಾರು ಎಷ್ಟು ತೂಕ, ಎಷ್ಟು ವೇಗ ಹೊತ್ತು ರಸ್ತೆಗೆ ಬರುತ್ತಾರೋ ಅವರ ತಲೆಯ ಮೇಲೆ ಅಷ್ಟು ಜವಾಬ್ದಾರಿ. ನಿಮ್ಮ ಎದುರು ನಾನು ಭಾರದವನು, ಕಾರಿನ ಎದುರು ಹಗುರದವನು. ಕಾರಿನವರ ಬಗ್ಗೆ ಗೊಣಗಿಕೊಂಡು ಫುಟ್‌ಪಾತ್ ಮೇಲೆ ಸೈಕಲ್ ಓಡಿಸುವವನಿಗೆ ಗೊಣಗುವ ಹಕ್ಕಿಲ್ಲ.

ಡ್ರೈವ್ ಮಾಡುವವರಿಗೆ ಒಂದೆರಡು ಮಾತು. ಗಂಟೆಗೆ 40ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಂದರೆ ಮುಂದೆ ಯಾರೋ ಅಡ್ಡ ಬಂದರು ಅಂತ ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಹತ್ತಿರ ಹತ್ತಿರ ಒಂದು ಬಿಎಂಟಿಸಿ ಬಸ್ಸಿನ ಉದ್ದ ದಾಟಿರುತ್ತೀರಿ. ಜನ, ಸೈಕಲ್ಲು, ಗಾಡಿ ಎಲ್ಲ ಬೆರೆಯುವ ರಸ್ತೆಗಳಲ್ಲಿ 30 ಸಾಕು ಅಂತ 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ಹಲವು ದೇಶಗಳ ಮಂತ್ರಿಗಳು ಹೇಳಿದ್ದು ಸುಮ್ನೆ ಅಲ್ಲ. ನಮ್ಮಲ್ಲೂ 2017ರ ಡ್ರೈವಿಂಗ್ ನಿಯಮಗಳ ಪ್ರಕಾರ, ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ದಾಟುವವರಿಗೆ ಗಾಡಿಯವರು ದಾರಿ ಬಿಡಬೇಕು. ಬೆಂಗಳೂರಲ್ಲಿ ಹಾಗೆ ನಿಲ್ಲಿಸಿ ನೋಡಿ, ಹಿಂದಿನವರು ಹಾರ್ನ್ ಮೇಲಿಟ್ಟ ಕೈ ತೆಗೆಯಲ್ಲ.

ಇನ್ನೊಂದು ನನ್ನದೇ ತಪ್ಪು. ಕೆಲವು ವರ್ಷದ ಹಿಂದೆ, ಬಸವನಗುಡಿಯ ಡಿವಿಜಿ ರಸ್ತೆಯಲ್ಲಿ ಕಾರು ನಿಲ್ಲಿಸಿದೆ. ಎಡಗೈಯಲ್ಲಿ ಫೋನು. ಮಾತಾಡುತ್ತಲೇ ಬಲಗೈಯಿಂದ ಡೋರ್ ತಳ್ಳಿದೆ. ಹಿಂದಿನಿಂದ ಕ್ಯಾರಿಯರ್‌ಗೆ ಹಾಲಿನ ಕ್ರೇಟು ಕಟ್ಟಿಕೊಂಡು ಬರುತ್ತಿದ್ದವರು ಡೋರಿನ ಅಂಚಿಗೆ ಹ್ಯಾಂಡಲ್ ತಾಗಿಸಿಕೊಂಡು ರಸ್ತೆಯ ನಡುವಿಗೆ ಬಿದ್ದರು. ಪ್ಯಾಕೆಟ್ ಒಡೆದು ಹಾಲು ನನ್ನ ಚಪ್ಪಲಿಯ ತನಕ ಹರಿದು ಬಂತು. ಹಿಂದೆ ಬರುತ್ತಿದ್ದ ಆಟೋದವರು ಬ್ರೇಕ್ ಹಾಕಿದ್ದರಿಂದ ಆ ಮನುಷ್ಯ ಉಳಿದರು. ಎದ್ದವರೇ ನನ್ನನ್ನು ಬೈಯಲಿಲ್ಲ, ಎಷ್ಟು ಪ್ಯಾಕೆಟ್ ಹೋಯಿತು ಅಂತ ಎಣಿಸತೊಡಗಿದರು. ಬೈದಿದ್ದರೇ ವಾಸಿಯಿತ್ತು.

ಅವತ್ತಿನಿಂದ ಡೋರನ್ನು ಎಡಗೈಯಲ್ಲಿ ತೆರೆಯುತ್ತೇನೆ. ನೆದರ್ಲೆಂಡ್ಸ್‌ನಲ್ಲಿ ಬಹಳ ಜನರಿಗೆ ಇಂಥದ್ದೇ ಅಭ್ಯಾಸ ಇದೆ: ಡೋರಿಗೆ ದೂರದ ಕೈ ಬಳಸುವುದು. ಡ್ರೈವರ್ ಸೀಟಿನಿಂದ ಎಡಗೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಮೊದಲು ಕನ್ನಡಿಗೆ, ಆಮೇಲೆ ಭುಜದ ಹಿಂದಕ್ಕೆ ಹೋಗುತ್ತದೆ. ಎಡಗಡೆ ಇಳಿಯುವವರು ಬಲಗೈ ಬಳಸಬೇಕು. ಕ್ಯಾಬಿನ ಹಿಂದಿನ ಸೀಟಿನಿಂದ ಇಳಿಯುವವರಂತೂ ಖಂಡಿತ, ಯಾಕೆಂದರೆ ನಮ್ಮೂರಲ್ಲಿ ನಿಂತ ಕಾರಿನ ಎಡಸಂದಿಯಲ್ಲೂ ಸ್ಕೂಟರ್ ನುಗ್ಗುತ್ತದೆ.

ರೋಡ್ ಟ್ಯಾಕ್ಸ್ ವಿಷಯ ಬೇಗ ಮುಗಿಸುತ್ತೇನೆ. ನಡೆಯುವವರೂ ರೋಡ್ ಟ್ಯಾಕ್ಸ್ ಕಟ್ಟಲ್ಲ, ಹಾಗಂತ ನೀವು ಸಂಪಿಗೆ ರಸ್ತೆ ದಾಟಬಾರದೇ? ಸೈಕಲ್ಲಿನವರೂ ಮನೆ ಕಂದಾಯ ಕಟ್ಟುತ್ತಾರೆ, ಸೋಪಿಗೂ ಜಿಎಸ್‌ಟಿ ಕೊಡುತ್ತಾರೆ. ಲೈಸೆನ್ಸಿಗಿಂತ ನನಗೆ ಮುಖ್ಯ ಅನಿಸುವುದು ದೀಪ. ಹಿಂದೆ ರಾತ್ರಿ ಡೈನಮೋ ಇಲ್ಲದೆ, ಡಬಲ್ಸ್ ಹೊಡೆದು ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಮನೆ ತನಕ ತಳ್ಳಿಕೊಂಡು ಹೋದವರು ಮಾರನೇ ದಿನವೇ ದೀಪ ಹಾಕಿಸುತ್ತಿದ್ದರು. ಈಗ ಡೆಲಿವರಿಗೆ ಓಡುವ ಸಣ್ಣ ಎಲೆಕ್ಟ್ರಿಕ್ ಗಾಡಿಗಳದ್ದು ಬೇರೆ ಕಥೆ. 250 ವ್ಯಾಟ್ ಒಳಗೆ, 25 ಕಿಲೋಮೀಟರ್ ವೇಗದ ಒಳಗೆ ಇದ್ದರೆ ಅವಕ್ಕೂ ಲೈಸೆನ್ಸ್ ಬೇಡ, ನಂಬರ್ ಬೇಡ. ಸದ್ದೂ ಇಲ್ಲ. ನೀವು ಹುಷಾರಾಗಿರಬೇಕಾದ್ದು ಸೈಕಲ್ಲಿಗಿಂತ ಅವಕ್ಕೇ ಜಾಸ್ತಿ.

ಇನ್ನು ನಡೆಯುವವರು. ಮುಖಸ್ತುತಿ ಮಾಡಲ್ಲ. ಬೆಂಗಳೂರಿನವರಿಗೆ ಒಂದು ಅಭ್ಯಾಸ ಇದೆ: ಅಂಗೈ ಚಾಚಿ, ಗಾಡಿಯ ಕಡೆ ನೋಡದೆ, ಟ್ರಾಫಿಕ್ ಪೊಲೀಸರ ಹಾಗೆ ನಡೆದುಬಿಡುವುದು. ಕೈ ತೋರಿಸಿದ ಮಾತ್ರಕ್ಕೆ ಬ್ರೇಕ್ ಹಿಡಿಯಲ್ಲ. ಕೈ ತೋರಿಸಿ, ಬೇಡ ಅನ್ನಲ್ಲ, ಆದರೆ ಓಡಿಸುವವರ ಕಣ್ಣು ನಿಮ್ಮ ಮೇಲೆ ಬಿದ್ದಿದೆಯಾ ನೋಡಿಕೊಂಡು ಕಾಲಿಡಿ. ನಿಂತ ಬಸ್ಸಿನ ಮೂತಿಯ ಮುಂದಿನಿಂದ ಓಡಬೇಡಿ, ಆ ಮೂಲೆ ಡ್ರೈವರಿಗೆ ಕಾಣಲ್ಲ. ಸ್ಕೈವಾಕ್ ಹತ್ತಲ್ಲ ಅಂತ ಮಾತ್ರ ನಾನು ಯಾರನ್ನೂ ದೂರಲ್ಲ. ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತಿ ಇಳಿಯಬೇಕು, ಕೂತು ಹೋಗುವವರಿಗೆ ಮಾತ್ರ ಇಪ್ಪತ್ತು ಸೆಕೆಂಡ್ ಉಳಿಯಬೇಕು ಅನ್ನುವುದು ಯಾವ ನ್ಯಾಯ?

ಸಿಗ್ನಲ್ಲಿನ ಲೆಕ್ಕವೂ ಹಾಗೇ. 20 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 17 ಸೆಕೆಂಡ್ ಬೇಕು. ವಯಸ್ಸಾದವರು 0.8ರಲ್ಲಿ ನಡೆದರೆ 25 ಸೆಕೆಂಡ್. ನಮ್ಮ ಕಚೇರಿ ಹತ್ತಿರದ ಒಂದು ಸಿಗ್ನಲ್ಲಿನಲ್ಲಿ ನಿಂತು ಎಣಿಸಿದೆ. ಹಸಿರು ಮನುಷ್ಯ ಇದ್ದದ್ದು 14 ಸೆಕೆಂಡ್. ಓಡಿದವರೇ ಹೆಚ್ಚು.

ಅದೇ ದಿನ ಟೇಪು ಹಿಡಿದು ಫುಟ್‌ಪಾತ್ ಕೂಡ ಅಳೆದೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಅಡ್ಡಿಯಿಲ್ಲದ ಅಗಲ ಕಡಿಮೆ ಅಂದರೂ 1.8 ಮೀಟರ್ ಇರಬೇಕು. ಇಲ್ಲಿ ಟ್ರಾನ್ಸ್‌ಫಾರ್ಮರ್ ಒಂದಷ್ಟು, ಎಳನೀರು ಬುರುಡೆಯ ರಾಶಿ ಒಂದಷ್ಟು, ಮೂರು ಸ್ಕೂಟರ್. ಕಾಲಿಡಲು ಉಳಿದದ್ದು 60 ಸೆಂಟಿಮೀಟರ್. ಎದುರಿಗೆ ಯಾರಾದರೂ ಬಂದರೆ ನೀವು ರಸ್ತೆಗೆ ಇಳಿಯುತ್ತೀರಿ, ನಿಮ್ಮನ್ನು ತಪ್ಪಿಸಲು ಸೈಕಲ್ಲಿನವರು ಬಲಕ್ಕೆ ಎಳೆಯುತ್ತಾರೆ, ಅವರನ್ನು ತಪ್ಪಿಸಲು ಕಾರಿನವರು ಹಾರ್ನ್ ಹೊಡೆಯುತ್ತಾರೆ, ಕೊನೆಗೆ ಮೂವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಟ್ರಾನ್ಸ್‌ಫಾರ್ಮರ್ ಮಾತ್ರ ಆರಾಮಾಗಿ ನಿಂತಿರುತ್ತದೆ. ಸರಿಯಾದ ಫುಟ್‌ಪಾತ್ ನಡೆಯುವವರ ಹಕ್ಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ನೀವು ಹೇಳಿದ ಮೂವರ ಜೊತೆಗೆ ನಾಲ್ಕನೆಯವರೊಬ್ಬರಿದ್ದಾರೆ, ರಸ್ತೆ ಮಾಡಿಸುವವರು. ಮುಂದಿನ ಪತ್ರ ಅವರಿಗೆ ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ಸೈಕಲ್ ಅಂಕಣ ನಿಲ್ಲಿಸಲ್ಲ. ನಿಮ್ಮ ಪತ್ರವನ್ನು ಅದೇ ಪುಟದಲ್ಲಿ ಹಾಕುತ್ತಿದ್ದೇನೆ. ಅಂದಹಾಗೆ, ಪತ್ರ ಓದಿದ ಸಂಜೆ ಕೆಳಗೆ ಹೋಗಿ ನನ್ನ ಸೈಕಲ್ಲಿನ ಬೆಲ್ ಒತ್ತಿ ನೋಡಿದೆ. ಕಿರ್ ಅಂತು, ಅಷ್ಟೇ. ಮಳೆಗೆ ತುಕ್ಕು ಹಿಡಿದಿತ್ತು. ಮೂಲೆಯ ಪಂಚರ್ ಅಂಗಡಿಯವರು ಎರಡು ಹನಿ ಎಣ್ಣೆ ಬಿಟ್ಟು ನೋಡಿದರು, ಆಗಲಿಲ್ಲ, ಹೊಸದೇ ಹಾಕಿಕೊಟ್ಟರು. ಈಗ ಟ್ರಿಣ್ ಅನ್ನುತ್ತದೆ. ಸಂಪಿಗೆ ರಸ್ತೆಯಲ್ಲಿ ಕೇಳಿಸಿದರೆ ಗಾಡಿ ಬರುವ ಕಡೆಗೇ ತಿರುಗಿ ನೋಡಿ, ಆ ಕಡೆಯಿಂದಲೇ ಬರುತ್ತಿರುತ್ತೇನೆ.