ಅರ್ಲಿ ಡಿಸಿಷನ್ ಹಾಕುವ ಮೊದಲು ಮೈಸೂರಿನ ಸೈಟನ್ನೂ ಲೆಕ್ಕಕ್ಕೆ ಹಿಡಿಯಿರಿ

ನಿಮ್ಮ ಪ್ರಶ್ನೆ ಇಷ್ಟು: ಮಗಳು ನ್ಯೂಜೆರ್ಸಿಯಲ್ಲಿ 12ನೇ ತರಗತಿ. ನೀವು ಎಚ್-1ಬಿ, ಅಂದರೆ ಕೆಲಸದ ವೀಸಾ; ಅವಳು ಎಚ್-4, ಅಂದರೆ ಅದರ ಮೇಲೆ ಕುಟುಂಬದವರಿಗೆ ಸಿಗುವ ವೀಸಾ. ಅವಳಿಗಿಷ್ಟವಾದ ಖಾಸಗಿ ಕಾಲೇಜಿಗೆ ಅರ್ಲಿ ಡಿಸಿಷನ್ (ಸೀಟು ಕೊಟ್ಟರೆ ಅಲ್ಲಿಗೇ ಸೇರುತ್ತೇವೆ ಅಂತ ಸಹಿ ಹಾಕಿ, ಒಂದೇ ಕಾಲೇಜಿಗೆ ಮುಂಚಿತವಾಗಿ ಕೊಡುವ ಅರ್ಜಿ) ಹಾಕಿದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ ಅಂತಾರೆ. ಆದರೆ ವರ್ಷಕ್ಕೆ 90,000 ಡಾಲರ್ ಕೊಡುವ ಶಕ್ತಿ ಇಲ್ಲ. ಹಾಕಬಹುದಾ?

ಏಡ್, ಅಂದರೆ ಓದಿನ ಖರ್ಚಿಗೆ ಸಿಗುವ ನೆರವು, ಇಲ್ಲದೆ ಆಗುವುದೇ ಇಲ್ಲ ಅನ್ನುವುದಾದರೆ, ಬೇಡ. ಕೆಲವೇ ಕಾಲೇಜುಗಳ ಮಾತು ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ನಾವೂ ಹಾಕಿದ್ದೆವು. ಮಗ ಇಲ್ಲೇ ಹುಟ್ಟಿದವನು, ಸಿಟಿಜನ್. ಅಕ್ಟೋಬರ್‌ನಲ್ಲಿ ಕಾಲೇಜಿನ ವೆಬ್‌ಸೈಟಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ಲೆಕ್ಕ ಹಾಕಿದೆ. ಏಡ್ ಕಳೆದು ನಾವು ಕೊಡಬೇಕಾದದ್ದು ವರ್ಷಕ್ಕೆ 36,000 ಡಾಲರ್ ಅಂತ ತೋರಿಸಿತು. ಹೊಟ್ಟೆಬಟ್ಟೆ ಕಟ್ಟಿದರೆ ಆಗುತ್ತೆ ಅಂದುಕೊಂಡು ಸಹಿ ಹಾಕಿದೆವು. ಮಗ, ನಾನು, ಸ್ಕೂಲಿನ ಕೌನ್ಸೆಲರ್, ಮೂವರದೂ ಸಹಿ ಬೇಕು.

ಡಿಸೆಂಬರ್ ಮಧ್ಯದಲ್ಲಿ ಒಂದು ಸಂಜೆ ಫಲಿತಾಂಶ. ಲ್ಯಾಪ್‌ಟಾಪ್ ಪರದೆ ತುಂಬ ಬಣ್ಣದ ಚೂರುಗಳು ಉದುರಿದವು. ಮಗ ಕುಣಿದ. ನಮ್ಮತ್ತೆ ವಾಟ್ಸಾಪ್ ವಿಡಿಯೋದಲ್ಲೇ ದೃಷ್ಟಿ ತೆಗೆದರು. ಹೆಂಡತಿ ಕೇಸರಿಬಾತ್‌ಗೆ ರವೆ ಹುರಿಯುತ್ತಿದ್ದಳು. ನಾನು ಮಾತ್ರ ಏಡ್ ಪತ್ರ ತೆರೆದು ಕೂತೆ. 45,000.

ಆ 9,000 ಎಲ್ಲಿಂದ ಬಂತು ಅಂದರೆ ಮೈಸೂರಿನಿಂದ. ಅಪ್ಪ ನನ್ನ ಹೆಸರಿಗೆ ಮಾಡಿಸಿದ ಒಂದು ಸೈಟಿದೆ, ಒಂದೂವರೆ ಕೋಟಿ ಬಾಳುತ್ತದೆ. ಕ್ಯಾಲ್ಕ್ಯುಲೇಟರ್‌ನಲ್ಲಿ ಆಸ್ತಿ ಕೇಳಿದಾಗ ಇಲ್ಲಿಯ ಬ್ಯಾಂಕಿನ ದುಡ್ಡು ಮಾತ್ರ ಹಾಕಿದ್ದೆ, ಊರಿನ ಸೈಟು ನೆನಪಿಗೇ ಬರಲಿಲ್ಲ. ಆದರೆ ಸಿಎಸ್‌ಎಸ್ ಪ್ರೊಫೈಲ್, ಅಂದರೆ ಏಡ್‌ಗಾಗಿ ಖಾಸಗಿ ಕಾಲೇಜುಗಳು ಕೇಳುವ ಅರ್ಜಿ, ತುಂಬುವಾಗ ಬೇರೆ ಆಸ್ತಿ ಅನ್ನುವ ಕಡೆ ನಿಜ ಬರೆದೆ. ಆಗ ರೇಟಿನಲ್ಲಿ ಅದು 1,80,000 ಡಾಲರ್. ಅದರಲ್ಲಿ ಶೇಕಡಾ 5ರಷ್ಟನ್ನು ಪ್ರತಿವರ್ಷ ಫೀಸಿಗೆ ಕೊಡಬಹುದು ಅಂತ ಅವರ ಲೆಕ್ಕ. ಅಪ್ಪ ಇರುವವರೆಗೆ ಅದನ್ನು ಮಾರುವ ಮಾತೇ ಇಲ್ಲ ಅಂತ ಅಪೀಲು ಬರೆದೆ. ಪತ್ರ ಓದಿದರು, ಪಾಪ. 2,000 ಇಳಿಸಿದರು.

ಕೊನೆಗೆ ಹಿಂದೆ ಸರಿದೆವು. ಏಡ್ ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು, ಕೊಟ್ಟರು, ಜಗಳವಾಗಲಿಲ್ಲ. ಜನ ಈ ಮಾತನ್ನೇ ಹಿಡಿದುಕೊಂಡು, ಹಾಕಿ, ಆಗದಿದ್ದರೆ ಬಿಟ್ಟರಾಯಿತು ಅಂತಾರೆ. ಬಿಡುವಾಗ ಕೈಯಲ್ಲಿ ಬೇರೆ ಏನೂ ಇರುವುದಿಲ್ಲ, ಅದೇ ಕಷ್ಟ. 43,000 ಜಾಸ್ತಿಯೋ ಕಡಿಮೆಯೋ ಅಂತ ತೂಗಿ ನೋಡಲು ಇನ್ನೊಂದು ಕಾಲೇಜಿನ ಪತ್ರವೇ ಇಲ್ಲವಲ್ಲ. ಮಿಕ್ಕ ಕಾಲೇಜುಗಳ ಕೊನೆ ದಿನ ಜನವರಿ ಮೊದಲ ವಾರ. ಮಗ ಕ್ರಿಸ್‌ಮಸ್ ರಜೆಯಲ್ಲಿ ಮುಖ ಊದಿಸಿಕೊಂಡು ಐದು ಪ್ರಬಂಧ ಬರೆದ. ನ್ಯೂಜೆರ್ಸಿಯ ಸರ್ಕಾರಿ ವಿಶ್ವವಿದ್ಯಾಲಯ ರಟ್ಗರ್ಸ್‌ಗೆ ನವೆಂಬರ್ 1ಕ್ಕೇ ಅರ್ಲಿ ಆ್ಯಕ್ಷನ್ (ಮುಂಚಿನ ಅರ್ಜಿಯೇ, ಆದರೆ ಸೇರಲೇಬೇಕೆಂಬ ಒಪ್ಪಂದವಿಲ್ಲ) ಹಾಕಿಟ್ಟಿದ್ದ, ಅದು ಕೈಹಿಡಿಯಿತು. ಈಗ ಅಲ್ಲೇ ಓದುತ್ತಿದ್ದಾನೆ.

ನಿಮ್ಮ ಮಗಳ ಸ್ಥಿತಿ ಇದಕ್ಕಿಂತ ಬಿಗಿ. ಎಚ್-4 ಮಕ್ಕಳಿಗೆ ಫಾಫ್ಸಾ ಇಲ್ಲ, ಅಂದರೆ ಫೆಡರಲ್ ಸರ್ಕಾರದ ಏಡ್ ಇಲ್ಲ. ಇಲ್ಲೇ ಹೈಸ್ಕೂಲ್ ಓದಿದ್ದರೂ ಏಡ್ ವಿಷಯದಲ್ಲಿ ಹೆಚ್ಚಿನ ಖಾಸಗಿ ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೇ ಸೇರಿಸುತ್ತವೆ. ಆ ಸಾಲಿನಲ್ಲಿ ಏಡ್ ಕೇಳಿದರೆ ಸೀಟಿಗೇ ಪೆಟ್ಟು ಬೀಳಬಹುದು. ಈಗ ಕೇಳದೆ ಸೀಟು ತಗೊಂಡು ಮುಂದಿನ ವರ್ಷ ಕೇಳೋಣ ಅಂದರೆ, ಎಷ್ಟೋ ಕಡೆ ಆಮೇಲೆ ಕೇಳಲು ಬಿಡುವುದೇ ಇಲ್ಲ. ಸಾಲದ್ದಕ್ಕೆ, ಆ ಕ್ಯಾಲ್ಕ್ಯುಲೇಟರ್‌ಗಳಲ್ಲಿ ಬಹುಪಾಲು ಸಿಟಿಜನ್ ಮತ್ತು ಗ್ರೀನ್ ಕಾರ್ಡ್‌ನವರಿಗಾಗಿ ಮಾಡಿದ್ದು. ನಿಮಗೆ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ. ಬೆಲೆ ಕೇಳದೆ ಸೀರೆ ಪ್ಯಾಕ್ ಮಾಡಿಸಿದ ಹಾಗೆ ಆಗುತ್ತದೆ, ಅಲ್ವಾ?

ಡಾರ್ಟ್‌ಮತ್, ಆಮ್‌ಹರ್ಸ್ಟ್, ಬೋಡನ್, ಬ್ರೌನ್, ಇವು ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ದುಡ್ಡು ನೋಡದೆ ಸೀಟು ಕೊಟ್ಟು, ತಾವು ಲೆಕ್ಕ ಹಾಕಿದ ಪೂರ್ತಿ ಅಗತ್ಯ ತುಂಬಿಕೊಡುತ್ತೇವೆ ಅನ್ನುವವು. ನಾನು ಆಮೇಲೆ ಹೇಳುತ್ತೇನೆ ಅಂದದ್ದು ಇವನ್ನೇ. ಅವಳ ಮನಸ್ಸಿರುವ ಕಾಲೇಜು ಇದರಲ್ಲಿದ್ದರೆ ಯೋಚಿಸಿ. ಆದರೆ ಅಗತ್ಯ ಎಷ್ಟು ಅನ್ನುವುದು ಅವರ ಲೆಕ್ಕ, ನಿಮ್ಮದಲ್ಲ. ಸೈಟಿನ ಕತೆ ಹೇಳಿದೆನಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಕೂಡ ಹೀಗೇ ದುಡ್ಡು ನೋಡುವುದಿಲ್ಲ. ಅಲ್ಲಿ ಮುಂಚೆ ಹಾಕಿದರೂ ಕಟ್ಟಿಹಾಕುವ ಒಪ್ಪಂದವಿಲ್ಲ, ಮೇ 1ರವರೆಗೆ ಹೋಲಿಸಿ ನೋಡಬಹುದು. ಸೀಟು ಸಿಗಬೇಕಷ್ಟೆ.

ಇನ್ನು ಸಾಧ್ಯತೆ ಜಾಸ್ತಿ ಅನ್ನುವ ಮಾತು. ಅರ್ಲಿ ಡಿಸಿಷನ್‌ನಲ್ಲಿ ಆಯ್ಕೆಯಾದವರಲ್ಲಿ ಕೋಚ್‌ಗಳು ಮೊದಲೇ ಆರಿಸಿದ ಆಟಗಾರರೂ ಹಳೆ ವಿದ್ಯಾರ್ಥಿಗಳ ಮಕ್ಕಳೂ ಸೇರಿರುತ್ತಾರೆ. ಶೇಕಡಾವಾರು ದೊಡ್ಡದಾಗಿ ಕಾಣುವುದರಲ್ಲಿ ಅವರ ಪಾಲೂ ಇದೆ.

ಈ ವಾರ ಒಂದು ಕೆಲಸ ಮಾಡಿ. ಕಾಲೇಜಿನ ಏಡ್ ಆಫೀಸಿಗೆ ಈಮೇಲ್ ಬರೆಯಿರಿ. ಮಗಳು ಎಚ್-4, ಇಲ್ಲೇ ಹೈಸ್ಕೂಲ್, ನಮ್ಮ ಆದಾಯ ಇಷ್ಟು, ಭಾರತದಲ್ಲಿ ಇಂಥ ಆಸ್ತಿ ಇಷ್ಟು. ಏಡ್ ಕೇಳಿದರೆ ಆಯ್ಕೆಯ ಮೇಲೆ ಪರಿಣಾಮ ಇದೆಯಾ? ಅರ್ಜಿಗೆ ಮೊದಲೇ ಒಂದು ಅಂದಾಜು ಕೊಡುತ್ತೀರಾ? ಕೆಲವರು ಕೊಡುತ್ತಾರೆ. ಫೋನಿನಲ್ಲಿ ಹೇಳಿದರೂ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಅರ್ಲಿ ಡಿಸಿಷನ್‌ನ ಕೊನೆ ದಿನದೊಳಗೆ (ಹೆಚ್ಚಾಗಿ ನವೆಂಬರ್ 1) ಉತ್ತರ ಬರದಿದ್ದರೆ ಆ ಸಹಿ ಹಾಕಬೇಡಿ, ಅದೇ ಕಾಲೇಜಿಗೆ ರೆಗ್ಯುಲರ್‌ನಲ್ಲಿ, ಅಂದರೆ ಒಪ್ಪಂದವಿಲ್ಲದ ಜನವರಿಯ ಸುತ್ತಿನಲ್ಲಿ, ಹಾಕಲಿ.