ಡೆನ್ಮಾರ್ಕಿನ ಗಬ್ಬದ ಕಡಸು ಪುಣೆಯ ಗೋಠಾಕ್ಕೆ ಬರುವಷ್ಟರಲ್ಲಿ ಎಷ್ಟಾಗುತ್ತದೆ?

ನೀವು ಕೇಳಿರುವುದು ಇಷ್ಟು: ಪುಣೆ ಜಿಲ್ಲೆಯ ಶಿರೂರಿನ ಬಳಿ 40 ಮಿಶ್ರತಳಿ ಹಸುಗಳ ಗೋಠಾ (ದನದ ಕೊಟ್ಟಿಗೆ) ಇದೆ. ಯೂರೋಪಿನ ರಫ್ತು ಅಂಕಿಗಳಲ್ಲಿ ಶುದ್ಧ ತಳಿ ಕಡಸಿಗೆ ತಲಾ 1,800 ಯೂರೊ ಎಂದು ಕಂಡಿದ್ದೀರಿ. ಡೆನ್ಮಾರ್ಕಿನಿಂದ 20 ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಷಿಯನ್) ಕಡಸು ತರಿಸಿದರೆ ತಲಾ ಎರಡು ಲಕ್ಷದೊಳಗೆ ಆಗುತ್ತದೆಯೇ? ಆಗುವುದಿಲ್ಲ. ಅಷ್ಟಕ್ಕೇ ಸಿಕ್ಕಿದರೂ ಬೇಡ ಎನ್ನುತ್ತೇನೆ.

ಮೊದಲು ಆ 1,800ರ ಮಾತು. ಕಸ್ಟಮ್ಸ್ ಲೆಕ್ಕದಲ್ಲಿ ಶುದ್ಧ ತಳಿಯ ಸಂತಾನೋತ್ಪತ್ತಿ ದನಗಳಿಗೆ 0102.21 ಎಂಬ ಸಂಕೇತ, ಉಳಿದ ದನಗಳಿಗೆ 0102.29. ಒಟ್ಟು ಮೌಲ್ಯವನ್ನು ತಲೆಗಳಿಂದ ಭಾಗಿಸಿದಾಗ ಬರುವ ಸರಾಸರಿಯನ್ನೇ ನೀವು ಬೆಲೆ ಎಂದುಕೊಂಡಿದ್ದೀರಿ. ಆ ಸರಾಸರಿಯಲ್ಲಿ ಗಬ್ಬದ ಹಾಲ್‌ಸ್ಟೀನ್ ಕಡಸು, ಮಾಂಸದ ತಳಿಯ ಲಿಮೋಸಿನ್, ಹೋರಿಗರು, ಎಲ್ಲ ಒಂದೇ ಗುಡ್ಡೆ. ಮೇಲಾಗಿ ಅದು ರಫ್ತು ದೇಶದ ಗಡಿಯವರೆಗಿನ ಮೌಲ್ಯ. ಸಾಗಾಟ, ವಿಮೆ, ಇಲ್ಲಿಯ ಸುಂಕ ಯಾವುದೂ ಅದರಲ್ಲಿ ಇಲ್ಲ. 'ಶುದ್ಧ ತಳಿ' ಎನ್ನುವುದೂ ಕಣ್ಣಳತೆಯ ಮಾತಲ್ಲ. ಯೂರೋಪಿನ ನಿಯಮದಲ್ಲಿ ತಂದೆತಾಯಿ, ಅಜ್ಜಅಜ್ಜಿ ಎಲ್ಲರೂ ಅದೇ ತಳಿಯ ವಂಶಾವಳಿ ಪುಸ್ತಕದಲ್ಲಿ ದಾಖಲಾಗಿರಬೇಕು. ಚಾಕಣದ ಸಂತೆಯಲ್ಲೋ ಚಿಂತಾಮಣಿ ಕಡೆಯಿಂದ ಬರುವ ಲಾರಿಯಲ್ಲೋ ದಲ್ಲಾಳಿ 'ಪ್ಯೂರ್ ಎಚ್‌ಎಫ್' ಎಂದು ತೋರಿಸುವ ಹಸುವಿಗೆ ಸಾಮಾನ್ಯವಾಗಿ ಅಂಥ ಕಾಗದ ಇರುವುದಿಲ್ಲ. ಕಪ್ಪು ಬಿಳುಪು ಮಚ್ಚೆ ದಾಖಲೆಯಾಗುವುದಿಲ್ಲ.

ಬೆಲೆ ಒಂದೇ ಕಡೆ ನಿಲ್ಲುವುದೂ ಇಲ್ಲ. ಅಮೆರಿಕದಲ್ಲಿ 2019ರ ಹೊತ್ತಿಗೆ ಹಾಲಿನ ಕಡಸು ಸರಾಸರಿ 1,150 ಡಾಲರ್ ಆಸುಪಾಸಿನಲ್ಲಿತ್ತು. 2025ರಲ್ಲಿ 3,000 ದಾಟಿತು. ಅಲ್ಲಿನ ರೈತರು ಒಳ್ಳೆಯ ಹಸುಗಳಿಗಷ್ಟೇ ಹೆಣ್ಣುಗರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯ ಹಾಕಿಸಿ ಉಳಿದವಕ್ಕೆಲ್ಲ ಮಾಂಸದ ತಳಿಯ ವೀರ್ಯ ಹಾಕಿಸತೊಡಗಿದರು. ಆ ಮಿಶ್ರ ಕರುವಿಗೆ ಹುಟ್ಟಿದ ವಾರದಲ್ಲೇ ಒಳ್ಳೆಯ ದುಡ್ಡು. ಪರಿಣಾಮವಾಗಿ 2025ರ ಜನವರಿಯಲ್ಲಿ ಅಮೆರಿಕದ ಹಾಲಿನ ಕಡಸುಗಳ ಸಂಖ್ಯೆ 39 ಲಕ್ಷ ಚಿಲ್ಲರೆಗೆ ಇಳಿಯಿತು, 1978ರ ನಂತರ ಇಷ್ಟು ಕಡಿಮೆ ಇದ್ದದ್ದಿಲ್ಲ. ರೋಗದಿಂದ ಬಾಗಿಲು ಮುಚ್ಚುವುದು ಇನ್ನೊಂದು ಕಾರಣ. 2025ರ ಜನವರಿಯಲ್ಲಿ ಜರ್ಮನಿಯ ಬ್ರಾಂಡೆನ್‌ಬುರ್ಗ್‌ನ ಎಮ್ಮೆಗಳಲ್ಲಿ ಕಾಲುಬಾಯಿ ರೋಗ ಕಂಡಿತು, ಹಲವು ದೇಶಗಳು ಜರ್ಮನಿಯ ದನ ಬೇಡವೆಂದವು. ನ್ಯೂಜಿಲೆಂಡ್ 2023ರ ಏಪ್ರಿಲ್ ಕೊನೆಗೆ ಹಡಗಿನಲ್ಲಿ ಜೀವಂತ ದನ ಕಳಿಸುವುದನ್ನೇ ನಿಲ್ಲಿಸಿತು. ಹೀಗೆ ಒಂದು ಮೂಲ ಮುಚ್ಚಿದಾಗಲೆಲ್ಲ ಮಿಕ್ಕವರ ದರ ಏರುತ್ತದೆ.

ಈಗ ಖರ್ಚು. ಕಡಸನ್ನು ಆರಿಸಿದ ಮೇಲೆ ಸುಮಾರು ಒಂದು ತಿಂಗಳು ಪ್ರತ್ಯೇಕವಾಗಿ ಕಟ್ಟಿ ಕ್ಷಯ, ಕಂದುರೋಗ, ಐಬಿಆರ್, ಬಿವಿಡಿ, ಲ್ಯೂಕೋಸಿಸ್, ಜೋನ್ಸ್ ರೋಗ, ನೀಲಿ ನಾಲಿಗೆ ರೋಗಗಳ ಪರೀಕ್ಷೆ ಮಾಡಬೇಕು. ಒಂದಷ್ಟು ಕಡಸು ಇಲ್ಲೇ ಉದುರುತ್ತವೆ. ಹಾಗಾಗಿ 20 ಬೇಕಿದ್ದರೆ 24–25 ಆರಿಸಿಡುತ್ತಾರೆ, ಉದುರಿದವುಗಳ ಮೇವು ಮತ್ತು ಪರೀಕ್ಷೆಯ ಬಿಲ್ಲೂ ನಿಮ್ಮದೇ.

ಆಮೇಲೆ ವಿಮಾನ. 2017ರ ಜೂನ್‌ನಲ್ಲಿ ನೆರೆಯ ದೇಶಗಳು ದಿಗ್ಬಂಧನ ಹಾಕಿದ ಮೇಲೆ ಜುಲೈಯಲ್ಲಿ ಕತಾರಿನ ಬಲದ್ನಾ ಡೇರಿ ಹಾಲ್‌ಸ್ಟೀನ್‌ಗಳನ್ನು ವಿಮಾನದಲ್ಲೇ ತರಿಸಿತು, ಮೊದಲ ವಿಮಾನದಲ್ಲಿ 165 ಹಸುಗಳು. ನಿಮ್ಮ ಲೆಕ್ಕಕ್ಕೂ ಅದೇ ಅಳತೆ ಇಟ್ಟುಕೊಳ್ಳಿ. ವಿಮಾನದ ಬಾಡಿಗೆ ಎರಡೂವರೆ ಕೋಟಿ ಎಂದು ಹಿಡಿದರೆ 165 ತಲೆಗೆ ಹಂಚಿದಾಗ ತಲಾ ಒಂದೂವರೆ ಲಕ್ಷ, 20 ತಲೆಗೆ ಹಂಚಿದಾಗ ಹನ್ನೆರಡೂವರೆ ಲಕ್ಷ. ಹಡಗು ಅಗ್ಗ, ಆದರೆ ದನದ ಹಡಗು ನೂರಾರು, ಸಾವಿರಾರು ತಲೆ ತುಂಬದೆ ಹೊರಡುವುದಿಲ್ಲ. ಸಣ್ಣ ಡೇರಿಯವರ ಲೆಕ್ಕ ತಪ್ಪುವುದು ಇಲ್ಲೇ, ಹಸುವಿನ ಬೆಲೆಯಲ್ಲಲ್ಲ.

ಗಬ್ಬದ ತಿಂಗಳೂ ನೋಡಬೇಕು. ಯೂರೋಪಿನ ಸಾಗಾಟ ನಿಯಮದಂತೆ ಗರ್ಭದ ಅವಧಿ ಶೇ. 90 ದಾಟಿದ ದನವನ್ನು ಸಾಗಿಸುವಂತಿಲ್ಲ, ಅಂದರೆ ಸುಮಾರು 252 ದಿನ. ಅಲ್ಲಿ ಒಂದು ತಿಂಗಳು ಪ್ರತ್ಯೇಕವಾಸ, ಕಾಗದಪತ್ರದ ಕಾಯುವಿಕೆ, ಪ್ರಯಾಣ, ಇಲ್ಲಿ ಮತ್ತೆ ಸುಮಾರು ಒಂದು ತಿಂಗಳ ಕ್ವಾರಂಟೈನ್. ಮೂರು ತಿಂಗಳ ಗಬ್ಬದ ಕಡಸು ಆರಿಸಿದರೆ ನಿಮ್ಮ ಗೋಠಾಕ್ಕೆ ಬರುವಾಗ ಆರು ತಿಂಗಳು. ಆರು ತಿಂಗಳಿನದನ್ನು ಆರಿಸಿದರೆ ಮುಂಬೈ ಕ್ವಾರಂಟೈನಿನಲ್ಲೇ ಈಯುತ್ತದೆ.

ಅನುಮತಿಯದು ಬೇರೆಯೇ ಗೋಳು. ಭಾರತದಲ್ಲಿ ಜೀವಂತ ದನದ ಆಮದು ನಿರ್ಬಂಧಿತ. 1898ರ ಜಾನುವಾರು ಆಮದು ಕಾಯ್ದೆಯಡಿ ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಒಪ್ಪಿಗೆ ಬೇಕು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು, ಪಶು ಕ್ವಾರಂಟೈನ್ ಕೇಂದ್ರ ಇರುವ ಊರಿನಲ್ಲೇ ಇಳಿಸಬೇಕು. ನಿಮಗೆ ಹತ್ತಿರದ್ದು ಮುಂಬೈ. ಈಚಿನ ವರ್ಷಗಳಲ್ಲಿ ಹೊರಗಿನಿಂದ ಬಂದ ದನಗಳು ಬಹುಪಾಲು ವೀರ್ಯ ಕೇಂದ್ರಗಳಿಗಾಗಿ ತಂದ ಹೋರಿಗಳು. 20 ಕಡಸಿಗಾಗಿ ಖಾಸಗಿ ಗೋಠಾ ಈ ದಾರಿ ಹಿಡಿಯುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಇಷ್ಟೆಲ್ಲ ದಾಟಿ ಬಂದ ಕಡಸಿಗೆ ಶಿರೂರಿನ ಉಣ್ಣಿ (ರಕ್ತ ಹೀರುವ ಹುಳ) ಗೊತ್ತಿಲ್ಲ. ಡೆನ್ಮಾರ್ಕಿನಲ್ಲಿ ಬೆಳೆದ ದನದ ಮೈಗೆ ಉಣ್ಣಿ ಹರಡುವ ಥೈಲೇರಿಯಾ ಎಂಬ ರೋಗಾಣುವಿನ ಪರಿಚಯವೇ ಇರುವುದಿಲ್ಲ. ಜ್ವರ 41 ಡಿಗ್ರಿಗೇರುತ್ತದೆ, ಭುಜದ ಮುಂದಿನ ಗಂಟು ಊದುತ್ತದೆ, ಗಬ್ಬ ಇಳಿಯಬಹುದು. ಬುಪಾರ್ವಕ್ವೋನ್ ಪ್ರತಿ ಕಿಲೋ ತೂಕಕ್ಕೆ 2.5 ಮಿಲಿಗ್ರಾಂ, ಅಂದರೆ 500 ಕಿಲೋ ಹಸುವಿಗೆ ಮಿಲಿಗೆ 50 ಮಿಲಿಗ್ರಾಂ ಸಾಂದ್ರತೆಯ ಔಷಧಿ 25 ಮಿಲಿ. ಪಶುವೈದ್ಯರು ಮೊದಲ ದಿನಗಳಲ್ಲೇ ಕೊಟ್ಟರೆ ಉಳಿಯುತ್ತದೆ. ಕಣ್ಣು ಹಳದಿಯಾದ ಮೇಲೆ ಕೊಟ್ಟರೆ ಭರವಸೆ ಕಡಿಮೆ. ಸೆಕೆಯೂ ಹಾಗೆಯೇ. ತಾಪ ಮತ್ತು ತೇವ ಸೇರಿಸಿದ ಸೂಚ್ಯಂಕ 68–72 ದಾಟಿದರೆ ಹೆಚ್ಚು ಹಾಲಿನ ಹಾಲ್‌ಸ್ಟೀನ್ ಬಳಲತೊಡಗುತ್ತದೆ. ಏಪ್ರಿಲಿನಲ್ಲಿ 38 ಡಿಗ್ರಿ, ಶೇ. 25 ತೇವ ಇದ್ದರೆ ಆ ಸೂಚ್ಯಂಕ 83. ಜುಲೈಯ 27 ಡಿಗ್ರಿ, ಶೇ. 85 ತೇವಕ್ಕೂ 79. ಮಳೆಗಾಲ ತಂಪು ಅನ್ನಿಸುವುದು ನಮಗೆ, ಹಸುವಿಗಲ್ಲ.

ಹಾಗಾದರೆ ಏನು ಮಾಡುವುದು? ನಿಮಗೆ ಬೇಕಿರುವುದು ಆ ತಳಿಯ ಗುಣ, ಅದು ಸ್ಟ್ರಾದಲ್ಲಿ (ಹೆಪ್ಪುಗಟ್ಟಿಸಿದ ವೀರ್ಯದ ಸಣ್ಣ ಕೊಳವೆ) ಬರುತ್ತದೆ. ವಿದೇಶಿ ಹೋರಿಗಳ ವೀರ್ಯ ಇಲ್ಲಿ ಅಧಿಕೃತವಾಗಿಯೇ ಸಿಗುತ್ತದೆ. ನಿಮ್ಮ ಊರಿಗೆ ದೂರವಲ್ಲದ ಉರುಳಿ ಕಾಂಚನ್‌ನಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿ ಕಟ್ಟಿದ ಬೈಫ್ ಸಂಸ್ಥೆಯ ವೀರ್ಯ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಹೆಣ್ಣುಗರುವಿನ ಸ್ಟ್ರಾದಲ್ಲಿ ನೂರಕ್ಕೆ ಸುಮಾರು 90 ಹೆಣ್ಣು. ಆದರೆ ಒಂದು ಡೋಸಿನಲ್ಲಿ ವೀರ್ಯಾಣು 20–40 ಲಕ್ಷವಷ್ಟೇ, ಸಾಮಾನ್ಯ ಸ್ಟ್ರಾದಲ್ಲಿ ಎರಡು ಕೋಟಿ. ಹಾಗಾಗಿ ಇದನ್ನು ಕಡಸುಗಳಿಗೆ, ಬೆದೆ ಸ್ಪಷ್ಟವಾಗಿ ಕಂಡಾಗ ಮಾತ್ರ ಹಾಕಿಸಿ. ಎರಡು ಮೂರು ಸಲ ಗಬ್ಬ ನಿಲ್ಲದೆ ತಿರುಗಿದ ಹಸುವಿಗೆ ಹಾಕಿಸಿದರೆ ದುಡ್ಡು ದಂಡ. ಗಬ್ಬ ನಿಲ್ಲುವ ಪ್ರಮಾಣ ಶೇ. 40 ಎಂದು ಹಿಡಿದರೆ 20 ಹೆಣ್ಣುಗರುವಿಗೆ 56 ಡೋಸು ಬೇಕು. 60 ಕೊಳ್ಳಿ. ಒಂದಕ್ಕೆ 1,500 ರೂಪಾಯಿ ಎಂದರೂ ಒಟ್ಟು 90,000, ನೀವು ಕಂಡ ದರದಲ್ಲೇ ಡೆನ್ಮಾರ್ಕಿನ ಅರ್ಧ ಕಡಸಿನ ದುಡ್ಡು. ಹಾಲು ಕಾಣಲು ಸುಮಾರು ಮೂರು ವರ್ಷ ಕಾಯಬೇಕು, ಅದು ನಿಜ. ಆದರೆ ಇಲ್ಲಿಯ ತಾಯಿಯ ಗಿಣ್ಣು ಕುಡಿದು ಇಲ್ಲಿಯ ಉಣ್ಣಿಯ ನಡುವೆ ಬೆಳೆದ ಕರುವಿಗೂ ವಿಮಾನ ಇಳಿದ ಕಡಸಿಗೂ ತಾಳಿಕೆಯಲ್ಲಿ ಹೋಲಿಕೆಯೇ ಇಲ್ಲ.

ಕಾಗದದಲ್ಲಿ ಪೂರ್ತಿ ಶುದ್ಧ ತಳಿಯೇ ಬೇಕೆಂದರೆ ಭ್ರೂಣ. ಬೆದೆಯ ಏಳನೇ ದಿನ ನಿಮ್ಮದೇ ಮಿಶ್ರತಳಿ ಕಡಸಿನಲ್ಲಿ ಇಡಿಸಬಹುದು. ಹತ್ತರಲ್ಲಿ ಮೂರೋ ನಾಲ್ಕೋ ನಿಲ್ಲುತ್ತವೆ.

ಹೋರಿ ಆರಿಸುವಾಗ ಹಾಲಿನ ಅಂಕಿಯೊಂದನ್ನೇ ನೋಡಬೇಡಿ. ಬ್ಲಾಡ್ (ಕರುವಿನ ರೋಗನಿರೋಧಕ ಶಕ್ತಿ ಕುಂದಿಸುವ ದೋಷ), ಸಿವಿಎಂ (ಬೆನ್ನೆಲುಬಿನ ವಿಕಾರ), ಕೊಲೆಸ್ಟರಾಲ್ ಕೊರತೆ ಈ ಮೂರು ವಂಶದೋಷಗಳಿಲ್ಲ ಎಂಬ ಪರೀಕ್ಷಾ ಫಲ ಕೇಳಿ. ಕಾರ್ಲಿನ್-ಎಂ ಐವನ್‌ಹೋ ಬೆಲ್ ಎಂಬ ಅಮೆರಿಕದ ಹೆಸರಾಂತ ಹೋರಿ ಹಾಲಿಗೆ ಹೆಸರುವಾಸಿಯಾಗಿ ಲೋಕದ ತುಂಬ ಮಕ್ಕಳನ್ನು ಬಿಟ್ಟಿತು, ಜೊತೆಗೆ ಬ್ಲಾಡ್ ಮತ್ತು ಸಿವಿಎಂ ಎರಡನ್ನೂ ಹಂಚಿತು. ಸೆಕೆ ತಾಳುವ 'ಸ್ಲಿಕ್' ಜೀನ್ ಇರುವ ಹಾಲ್‌ಸ್ಟೀನ್ ಹೋರಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಪುಣೆಗೆ ನಾನಾದರೆ ಹಾಲು ಸ್ವಲ್ಪ ಕಡಿಮೆಯಿದ್ದರೂ ಅದನ್ನೇ ಆರಿಸುತ್ತೇನೆ.

ಪತ್ರಿಕೆಗಳಲ್ಲಿ ಬರುವ ಕೋಟಿಗಳ ಹಸು ಕಂಡು ಬೆದರಬೇಡಿ. 2023ರಲ್ಲಿ ಬ್ರೆಜಿಲಿನ ವಿಯಾಟಿನಾ-19 ಎಂಬ ನೆಲ್ಲೋರ್ ಹಸುವಿನ ಮೂರನೇ ಒಂದು ಪಾಲು ಹರಾಜಾದ ದರದಲ್ಲಿ ಇಡೀ ಹಸುವಿಗೆ ಸುಮಾರು 43 ಲಕ್ಷ ಡಾಲರ್ ಆಯಿತು. ಅದು ಅಂಡ, ಭ್ರೂಣ ಮಾರುವವರ ಲೆಕ್ಕ, ಹಾಲಿನದಲ್ಲ. ನೆಲ್ಲೋರ್ ಎಂದರೆ ನಮ್ಮ ಒಂಗೋಲು ತಳಿಯೇ. ಅಮೆರಿಕದ ಬ್ರಾಹ್ಮನ್ ತಳಿಯಲ್ಲಿ ಸಾಂಗ್ಲಿ, ಬೆಳಗಾವಿ ಸೀಮೆಯ ಕೃಷ್ಣಾ ಕಣಿವೆ ದನದ ರಕ್ತವೂ ಇದೆ. ಅವರು ಇಲ್ಲಿಂದ ಒಯ್ದರು, ನಾವಿಲ್ಲಿ ಎಚ್‌ಎಫ್ ದರ ಕೇಳುತ್ತಿದ್ದೇವೆ.

ಸ್ಟ್ರಾ ಕೊಂಡ ಮೇಲೆ ನೈಟ್ರೋಜನ್ ಜಾಡಿಯ ಮಟ್ಟವನ್ನು ಅಳತೆಕಡ್ಡಿಯಿಂದ ವಾರಕ್ಕೊಮ್ಮೆ ನೋಡಿ. ತೆಗೆಯುವಾಗ ಕ್ಯಾನಿಸ್ಟರನ್ನು ಜಾಡಿಯ ಕತ್ತಿನ ಮೇಲಕ್ಕೆ ಎತ್ತಬೇಡಿ. ಮೈನಸ್ 196 ಡಿಗ್ರಿಯಿಂದ ಆಚೆ ಹತ್ತು ಸೆಕೆಂಡ್ ಹಿಡಿದು ಮತ್ತೆ ಇಳಿಸಿದ ಸ್ಟ್ರಾ ನೋಡಲು ಹಾಗೆಯೇ ಇರುತ್ತದೆ, ಒಳಗಿನದು ಸತ್ತಿರಬಹುದು. 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ, ಒರೆಸಿ, ತಡಮಾಡದೆ ಹಾಕಿಸಿ. ನೀರಿನ ಬಿಸಿಯನ್ನು ಬೆರಳಿನಿಂದ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ.