ಓದುಗರ ಪ್ರಶ್ನೆ: ಕಾಡುದಾರಿಯಲ್ಲಿ 21 ಕಿಲೋಮೀಟರ್

ಪ್ರಶ್ನೆ: ಮಣಿಪಾಲದ ರಸ್ತೆಯಲ್ಲಿ 10 ಕಿ.ಮೀ.ಯನ್ನು 65 ನಿಮಿಷದಲ್ಲಿ ಓಡುತ್ತೇನೆ. ಡಯಾಲಿಸಿಸ್ ರೋಗಿಗಳ ನೆರವಿಗೆಂದು ಡಿಸೆಂಬರಿನಲ್ಲಿ ಕಾಡುದಾರಿಯ ಹಾಫ್ ಮ್ಯಾರಥಾನ್ ಇದೆ. ಒಟ್ಟು ಏರು 500 ಮೀಟರ್ ಅಂತೆ. ಎರಡೂವರೆ ಗಂಟೆಯಲ್ಲಿ ಮುಗಿಸಬಹುದೇ? ಬೇರೆ ಶೂ ಬೇಕೇ?
– ಓದುಗರು, ಉಡುಪಿ

ಉತ್ತರ: ಎರಡೂವರೆ ಗಂಟೆಯ ಆಸೆ ಬಿಡಿ. ಪ್ರತಿ 100 ಮೀಟರ್ ಏರನ್ನು ಸಪಾಟು ರಸ್ತೆಯ 1 ಕಿ.ಮೀ. ಎಂದು ಹಿಡಿಯಿರಿ. 21ಕ್ಕೆ 5 ಸೇರಿ 26 ಆಯಿತು, ಅಂದರೆ ನಿಮ್ಮ ಈಗಿನ ವೇಗದಲ್ಲೇ 2 ಗಂಟೆ 49 ನಿಮಿಷ. ಬೇರು, ಕಲ್ಲು, ದಣಿವು ಸೇರಿದರೆ ಮೂರು ಗಂಟೆ ದಾಟುತ್ತದೆ. ಓಟ ಮುಚ್ಚುವ ಹೊತ್ತು ಯಾವುದೆಂದು ಹಣ ಕಟ್ಟುವ ಮೊದಲೇ ಕೇಳಿ.

ಕಡಿದಾದ ಏರನ್ನು ನಡೆದೇ ಹತ್ತಿ, ಅದರಲ್ಲಿ ಅವಮಾನವಿಲ್ಲ. ಕಷ್ಟ ಇರುವುದು ಇಳಿಜಾರಿನಲ್ಲಿ. ನಮ್ಮ ಗುಡ್ಡಗಳಲ್ಲಿ ಮುರಕಲ್ಲಿನ ಸಣ್ಣ ಹರಳು ಕಾಲಡಿ ಉರುಳುತ್ತದೆ. ಅದರ ಮೇಲೆ ಒಣಗಿದ ಗೇರು, ಅಕೇಶಿಯಾ ಎಲೆ ಬಿದ್ದಿದ್ದರೆ ಹರಳು ಕಾಣುವುದೂ ಇಲ್ಲ. ಹಿಂದಕ್ಕೆ ವಾಲಿ ಹಿಮ್ಮಡಿ ಊರಿದವರೇ ಹೆಚ್ಚಾಗಿ ಜಾರುತ್ತಾರೆ. ಹೆಜ್ಜೆ ಗಿಡ್ಡವಾಗಲಿ, ಮೊಣಕಾಲು ತುಸು ಬಾಗಿರಲಿ, ದೃಷ್ಟಿ 3-4 ಮೀಟರ್ ಮುಂದಿರಲಿ. 15 ಕಿ.ಮೀ. ದಾಟಿದ ಮೇಲೆ ದಣಿದ ಕಾಲು ಸಾಕಷ್ಟು ಮೇಲೇಳುವುದಿಲ್ಲ, ಬೇರಿಗೆ ಎಡವುವುದು ಆಗಲೇ. ಮಲ್ಪೆಯ ಮರಳಿನಲ್ಲಿ ಓಡಿದರೆ ಪಾದಕ್ಕೆ ಬಲ ಬರುತ್ತದೆ, ಇಳಿಯುವ ಅಭ್ಯಾಸ ಆಗುವುದಿಲ್ಲ. ವಾರಕ್ಕೊಮ್ಮೆ ಯಾವುದಾದರೂ ಗುಡ್ಡದಲ್ಲಿ ಆರೆಂಟು ಸಲ ಹತ್ತಿ ಇಳಿಯಿರಿ.

ಶೂ ಬೇಕು. ಅಡಿಯ ಹಲ್ಲು ಸುಮಾರು 4 ಮಿ.ಮೀ. ಇರಲಿ, ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಲೇಸನ್ನು ಮೇಲಿನ ಕೊನೆಯ ತೂತಿಗೂ ಪೋಣಿಸಿ ಹಿಮ್ಮಡಿ ಕದಲದಂತೆ ಬಿಗಿಯಿರಿ. ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಹೊಸ ಶೂವಿನಲ್ಲಿ ಕಡಿಮೆಯೆಂದರೂ 50 ಕಿ.ಮೀ. ಓಡಿದ ಮೇಲೆಯೇ ಅದನ್ನು ಸ್ಪರ್ಧೆಗೆ ಹಾಕಿ. ಹತ್ತಿಯ ಸಾಕ್ಸ್ ಬೇಡ, ಒದ್ದೆಯಾದರೆ ಗುಳ್ಳೆ ಖಂಡಿತ.

ಪ್ರಶ್ನೆ: ಎಷ್ಟು ನೀರು ಕುಡಿಯಬೇಕು? ಕಳೆದ ಬಾರಿ ನೀರು ಕುಡಿದೂ ತಲೆನೋವು, ವಾಕರಿಕೆ ಬಂತು.
– ಓದುಗರು, ಸುರತ್ಕಲ್

ಉತ್ತರ: ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತದೆ. ಉಪ್ಪು ಹೋಗುತ್ತದೆ, ಮೈ ತಂಪಾಗುವುದಿಲ್ಲ. ಆಗ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ನೀವು ಹೇಳಿದ ಲಕ್ಷಣಗಳು ಬರಬಹುದು. ಬಿಸಿಲ ಝಳಕ್ಕೂ ಹಾಗಾಗುತ್ತದೆ. ಗೊಂದಲ, ಪದೇ ಪದೇ ವಾಂತಿ ಕಂಡರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಲೇಬೇಕು.

ನಿಮ್ಮ ಅಳತೆ ನೀವೇ ಕಂಡುಕೊಳ್ಳಿ. ಒಂದು ಗಂಟೆ ಓಡುವ ಮೊದಲು ಮತ್ತು ಆಮೇಲೆ, ಬೆವರು ಒರೆಸಿಕೊಂಡು, ತೂಕ ನೋಡಿ. ನಡುವೆ ಏನೂ ಕುಡಿಯದಿದ್ದರೆ ಇಳಿದ 1 ಕಿಲೋ ಅಂದರೆ ಹೆಚ್ಚುಕಡಿಮೆ 1 ಲೀಟರ್ ಬೆವರು. ಅಷ್ಟನ್ನೂ ತುಂಬಿಸಬೇಕಿಲ್ಲ, ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಹೋದ ಉಪ್ಪನ್ನು ತುಂಬಲು ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. 1 ಲೀಟರಿನದನ್ನು ಅರ್ಧ ಲೀಟರಿಗೆ ಕದಡಿದರೆ ಹೊಟ್ಟೆ ಕೆಡುತ್ತದೆ. ಅದರಲ್ಲಿ ಸಕ್ಕರೆ ಅಂಶ ಕಡಿಮೆ, ಆದ್ದರಿಂದ ಗಂಟೆಗೊಂದು ಬಾಳೆಹಣ್ಣು, ಎರಡು ಖರ್ಜೂರ ಬೇರೆಯೇ ಬೇಕು.

ಪ್ರಶ್ನೆ: ಉಂಬಳ (ಜಿಗಣೆ), ಉಣುಗಿಗೆ (ಉಣ್ಣಿಗೆ) ಏನು ಮಾಡುವುದು?
– ಓದುಗರು, ಕಾರ್ಕಳ

ಉತ್ತರ: ಉಂಬಳ ಕಚ್ಚಿದರೆ ಹೆದರಬೇಡಿ. ಉಗುರಿನಿಂದ ಪಕ್ಕಕ್ಕೆ ಸರಿಸಿ, ತೊಳೆದು, ಒತ್ತಿ ಹಿಡಿಯಿರಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ್ದರಿಂದ ಒಸರುವುದು ನಿಲ್ಲಲು ಹೊತ್ತು ಬೇಕು. ಉಣುಗು ಹಾಗಲ್ಲ, ಮಂಗನ ಕಾಯಿಲೆ ಹರಡುವುದು ಅದೇ. ಓಟ ಮುಗಿದೊಡನೆ ಬಿಸಿನೀರ ಸ್ನಾನ ಮಾಡಿ ತೊಡೆಸಂದು, ಕಂಕುಳು, ಕಿವಿ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ: ನೋಂದಣಿ ಶುಲ್ಕಕ್ಕೆ ತೆರಿಗೆ ರಿಯಾಯಿತಿ ಇದೆಯೇ?
– ಓದುಗರು, ಮಂಗಳೂರು

ಉತ್ತರ: ಟೀ-ಶರ್ಟ್, ಪದಕ, ತಿಂಡಿಗೆ ಕೊಟ್ಟ ಹಣ ದೇಣಿಗೆಯಲ್ಲ. ದೇಣಿಗೆಯನ್ನು ಬೇರೆಯಾಗಿಯೇ ನೆರವು ನೀಡುವ ಟ್ರಸ್ಟಿನ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ. 2,000 ರೂಪಾಯಿಗೆ ಮೇಲ್ಪಟ್ಟು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಕೊನೆಗೆ ಎಲ್ಲರಿಗೂ ಒಂದು ಮಾತು: ಓಡುವ ದಾರಿಯಲ್ಲಿ ಯಾರದಾದರೂ ತೋಟದ ಉಣಗೋಲು (ಬೇಲಿ ಬಾಗಿಲಿನ ಅಡ್ಡಗಳ) ಸರಿಸಿದರೆ ಮತ್ತೆ ಹಾಕಿ, ದನ ನುಗ್ಗಿದರೆ ಮುಂದಿನ ವರ್ಷ ಆ ದಾರಿಯೇ ಸಿಗಲಿಕ್ಕಿಲ್ಲ.